ಕ್ಲಚ್ ತುಳಿದರೆ ನಿಲ್ಲುವ ಸದ್ದು

ಆ ಸದ್ದು ನನಗೆ ಮೊದಲು ಕೇಳಿಸಿದ್ದು ಕೋಲಾರದ ಚಿನ್ನದ ಗಣಿ ಸೀಮೆಯ ಮೈಸೂರು ಮೈನ್ಸಿನ ಇಳಿಜಾರಿನಲ್ಲಿ. ಹಾಲು ಮೊಸರು ಹಾಕಿ ಮುಗಿಸಿ, ಖಾಲಿ ಕ್ಯಾನುಗಳನ್ನು ಕಾರಿನ ಹಿಂಭಾಗದಲ್ಲಿ ತುಂಬಿಕೊಂಡು ಊರಿಗೆ ವಾಪಸಾಗುತ್ತಿದ್ದೆ. ಕೆಳಗೆಲ್ಲಿಂದಲೋ, ನನ್ನ ಎಡಗಾಲಿನ ಪಕ್ಕದಿಂದಲೇ ಅನ್ನುವ ಹಾಗೆ, ಗರ್ ಅಂತ ಒಂದು ಸಣ್ಣ ಸದ್ದು. ಕ್ಯಾನುಗಳು ಒಂದಕ್ಕೊಂದು ತಾಗುತ್ತಿರಬೇಕು ಅಂದುಕೊಂಡೆ. ಕಾರನ್ನು ಪಕ್ಕಕ್ಕೆ ಹಾಕಿ, ಕ್ಯಾನುಗಳ ಸಂದಿಗೆ ಗೋಣಿತಾಟು ತುರುಕಿ ಮತ್ತೆ ಹೊರಟೆ. ಕ್ಯಾನುಗಳು ಸುಮ್ಮನಾದವು. ಸದ್ದು ಹಾಗೇ ಇತ್ತು.

ಮುಂದಿನ ಸೀಟಿನಲ್ಲಿ ನಮ್ಮತ್ತೆ ಕೂತಿದ್ದರು. ನಾನು ಮನೆಮನೆಗೆ ಹಾಲು ಅಳೆದು ಕೊಡಲು ಇಳಿದಾಗ ಕಾರು ಕಾಯಲಿಕ್ಕೆಂದು ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದೆ. ಏನಾದರೂ ಕೇಳಿಸುತ್ತಾ ಅಂದೆ. ಅವರು ಸ್ವಲ್ಪ ಹೊತ್ತು ತಲೆ ಬಾಗಿಸಿಕೊಂಡು ಕೂತು, ರಾಗಿ ಕಲ್ಲು ಬೀಸಿದ ಹಾಗೆ ಕೇಳಿಸುತ್ತದೆ ಅಂದರು. ಆಮೇಲೆ, ಕಾರಿನಲ್ಲಿ ಅಂಥದ್ದು ಇರುವುದೇ ಅಲ್ಲವೇ ಅಂತಲೂ ಕೇಳಿದರು. ನನಗೂ ಗೊತ್ತಿರಲಿಲ್ಲ.

ನಾನು ಆ ಕಾರು ಓಡಿಸಲು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ರಾಬರ್ಟ್‌ಸನ್‌ಪೇಟೆಯ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದೆ. ಅದು ಬೀರುವಿನಲ್ಲೇ ಇತ್ತು. ಓಡಿಸುವುದೆಲ್ಲ ನನ್ನ ಗಂಡನ ಕೆಲಸ. ಹಸು ಕಟ್ಟುವ ಮೊದಲು ಅವರು ಟೆಂಪೋ ಡ್ರೈವರ್. ಕೋಲಾರದ ಮಂಡಿಯಿಂದ ಟೊಮೆಟೊ ತುಂಬಿಕೊಂಡು ಮದ್ರಾಸಿನ ಕಡೆಗೂ ಚಿತ್ತೂರಿನ ಕಡೆಗೂ ಹೋಗಿ ಬರುತ್ತಿದ್ದವರು. ಮನೆಯಲ್ಲಿ ಹಸುಗಳು ಹೆಚ್ಚಾದ ಮೇಲೆ ಟೆಂಪೋ ಬಿಟ್ಟು, ಊರಿಗಾಂ ಕಡೆಯ ಒಬ್ಬ ರಿಟೈರಾದ ಮೇಷ್ಟ್ರಿಂದ ಈ ಕಾರನ್ನು ಕೊಂಡರು. ಆಗಲೇ ಅದು ಹಳೆಯದು. ಎಷ್ಟು ದೂರ ಓಡಿದೆ ಎಂದು ತೋರಿಸುವ ಮೀಟರು ಮೇಷ್ಟ್ರ ಕಾಲದಲ್ಲೇ ನಿಂತಿತ್ತಂತೆ. ಹಿಂದಿನ ಸೀಟು ಕಿತ್ತು ಅಲ್ಲಿ ಕ್ಯಾನುಗಳಿಗೆ ಜಾಗ ಮಾಡಿದೆವು. ಬೇತಮಂಗಲದ ರಸ್ತೆಯಲ್ಲಿರುವ ನಮ್ಮೂರಿಂದ ಬೆಳಿಗ್ಗೆ ಹೊರಟು ಆಂಡರ್ಸನ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಗಣಿ ಕಾರ್ಮಿಕರ ಸಾಲುಮನೆಗಳಿರುವ ನಂದಿದುರ್ಗದ ಲೈನುಗಳು, ಕೊನೆಗೆ ಮೈಸೂರು ಮೈನ್ಸ್. ಎಷ್ಟೋ ವರ್ಷ ಅವರು ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದರು, ನಾನು ಇಳಿದು ಅಳೆಯುತ್ತಿದ್ದೆ.

ಆ ವರ್ಷ ಮಳೆಗೆ ಮುಂಚೆ ಕೊಟ್ಟಿಗೆಯ ಶೀಟು ಸರಿಮಾಡಲು ಏಣಿ ಹತ್ತಿದವರು ಬಿದ್ದರು. ಎಡಗಾಲಿನ ಹರಡಿನ, ಅಂದರೆ ಪಾದದ ಕೀಲಿನ, ಹತ್ತಿರ ಮೂಳೆ ಮುರಿಯಿತು. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟು ಹಾಕಿದರು. ಮೊಣಕಾಲಿನ ತನಕ ಕಟ್ಟು. ಹಸುಗಳಿಗೆ ಅದೆಲ್ಲ ಏನು ಗೊತ್ತು, ಹೊತ್ತಿಗೆ ಸರಿಯಾಗಿ ಹಾಲು ಕರೆಯಲೇಬೇಕು, ಕರೆದದ್ದನ್ನು ಕೊಂಡೊಯ್ಯಲೇಬೇಕು. ಮೊದಮೊದಲು ಪಕ್ಕದೂರಿನ ಒಬ್ಬರ ಆಟೋದಲ್ಲಿ ಹೋದೆ. ಅವರಿಗೆ ಬಿಡುವಿಲ್ಲದ ಒಂದು ದಿನ ಬೀರುವಿನಿಂದ ಲೈಸೆನ್ಸು ತೆಗೆದು ಬ್ಲೌಸಿನೊಳಗೆ ಇಟ್ಟುಕೊಂಡು ಕಾರು ಹತ್ತಿದೆ. ನನ್ನ ಗಂಡ ಜಗುಲಿಯ ಮಂಚದ ಮೇಲಿಂದ, ಯಾವ ಗೇರು ಯಾವಾಗ ಅಂತ ಗೇಟು ದಾಟುವ ತನಕ ಕೂಗಿ ಹೇಳುತ್ತಲೇ ಇದ್ದರು.

ಹೀಗಿರುವಾಗ ಬಂದ ಸದ್ದು ಅದು. ಮನೆಗೆ ಬಂದವಳೇ ಹೇಳಿದೆ. ಅವರು ಕಟ್ಟಿನ ಕಾಲನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡು, ಎಂಥ ಸದ್ದು ಅಂತ ಕೇಳಿದರು. ಸದ್ದು ಅಂದರೆ ಸದ್ದು ಅಂದೆ. ಗುಂಯ್ ಅಂತದಾ, ಗರಗರ ಅಂತದಾ, ಕಟಕಟ ಅಂತದಾ ಅಂತ ವಿಚಾರಿಸಿದರು. ಗರಗರ ಅಂದೆ. ಯಾವ ಗೇರಿನಲ್ಲಿ ಅಂದರು. ನೋಡಿಲ್ಲ ಅಂದೆ. ನಿಂತಿದ್ದಾಗಲೂ ಬರ್ತದಾ, ಓಡುವಾಗ ಮಾತ್ರವಾ ಅಂದರು. ಅದೂ ನೋಡಿರಲಿಲ್ಲ.

"ಕ್ಲಚ್ ಮ್ಯಾಲೆ ಕಾಲಿಟ್ಕಂಡೇ ಓಡಿಸ್ತಾ ಇದ್ದೀಯ. ಬೇರಿಂಗ್ ಓಗೈತೆ," ಅಂದರು.

"ನಾನು ಇಡಲ್ಲ."

"ಇಡ್ತೀಯ. ಒಸದಾಗಿ ಓಡ್ಸೋರೆಲ್ಲಾ ಇಡ್ತಾರೆ."

ನನಗೆ ಸಿಟ್ಟು ಬಂತು. ಹಾಲು ಕರೆದು, ಸುರಿದು, ಓಡಿಸಿ, ಅಳೆದು, ತೊಳೆದು ಮುಗಿಸಿ ಬಂದರೆ ಇದು. ಆದರೆ ಸಿಟ್ಟಿನ ಜೊತೆಗೆ ಅನುಮಾನವೂ ಇತ್ತು, ಏಕೆಂದರೆ ನನ್ನ ಕಾಲು ಎಲ್ಲಿರುತ್ತದೆ ಎಂದು ನಾನು ಯಾವತ್ತೂ ಗಮನಿಸಿರಲಿಲ್ಲ. ಮಾರನೆಯ ದಿನ ಬೇಕೆಂದೇ ಎಡಗಾಲನ್ನು ಕ್ಲಚ್ಚಿನಿಂದ ದೂರ, ಬಾಗಿಲ ಕಡೆಗೆ ಒತ್ತಿ ಇಟ್ಟುಕೊಂಡು ಓಡಿಸಿದೆ. ಸದ್ದು ಇನ್ನೂ ಜೋರಾಗಿಯೇ ಕೇಳಿಸಿತು.

ಅದನ್ನು ಬಂದು ಹೇಳಿದಾಗ ಅವರ ಮುಖ ಸ್ವಲ್ಪ ಬದಲಾಯಿತು. ಬೇಜಾರಿನಲ್ಲಿ ಗೋಡೆ ನೋಡುತ್ತ ಮಲಗಿದ್ದವರು ಎದ್ದು ಕೂತರು. ಅವತ್ತಿನಿಂದ ಪ್ರತಿದಿನ ಬೆಳಿಗ್ಗೆ ನಾನು ಹೊರಡುವಾಗ ಒಂದು ಪ್ರಶ್ನೆ ಹೇಳಿ ಕಳಿಸುವುದು, ಬಂದ ಮೇಲೆ ಉತ್ತರ ಕೇಳುವುದು ಶುರುವಾಯಿತು. ಒಂದೇ ಪ್ರಶ್ನೆ, ಹೆಚ್ಚು ಕೊಡುತ್ತಿರಲಿಲ್ಲ. ಎಲ್ಲ ಒಟ್ಟಿಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ ಅನ್ನುತ್ತಿದ್ದರು.

ಮೊದಲನೆಯ ಪ್ರಶ್ನೆ, ಸದ್ದು ಚಕ್ರದ್ದೋ ಗೇರ್‌ಬಾಕ್ಸಿನದ್ದೋ ಎಂಬುದು. ಇಳಿಜಾರಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದಾಗ ಕ್ಲಚ್ ತುಳಿದುಕೊಂಡೇ ನ್ಯೂಟ್ರಲಿಗೆ ಹಾಕಿ ಸ್ವಲ್ಪ ದೂರ ಹಾಗೇ ಬಿಡು ಅಂದಿದ್ದರು. ಕಾರು ಉರುಳುತ್ತಿದ್ದರೂ ಸದ್ದು ಬಂದರೆ ಅದು ಚಕ್ರದ ಕಡೆಯದು. ಗಣಿಯ ತ್ಯಾಜ್ಯದ ಮಣ್ಣು ಸುರಿದ ಸೈನೈಡ್ ದಿಬ್ಬಗಳ ಪಕ್ಕದ ರಸ್ತೆಯಲ್ಲಿ ಹಾಗೆ ಮಾಡಿದೆ. ಟೈರಿನ ಕೆಳಗೆ ಮರಳು ಚರಚರ ಅನ್ನುವುದು ಬಿಟ್ಟರೆ ಬೇರೆ ಏನೂ ಇಲ್ಲ. ಅತ್ತೆಯನ್ನು ಕೇಳಿದೆ. ಕಲ್ಲು ಬೀಸುವುದು ನಿಂತಿತು ಅಂದರು. ಅವರ ಕಿವಿ ನನ್ನದಕ್ಕಿಂತ ಚುರುಕು. ಕತ್ತಲಲ್ಲಿ ಯಾವ ಹಸು ಮೆಲುಕು ಹಾಕುತ್ತಿಲ್ಲ ಎಂದು ಮಂಚದ ಮೇಲಿಂದಲೇ ಹೇಳುವವರು.

ಎರಡನೆಯದು, ಕಾರು ನಿಂತಿದ್ದಾಗ. ನಂದಿದುರ್ಗದ ಲೈನುಗಳ ಹತ್ತಿರ, ಸಾಲು ಮನೆಗಳ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ನ್ಯೂಟ್ರಲಿನಲ್ಲಿಟ್ಟು ಕಾಲು ತೆಗೆದೆ. ಗರಗರ ಇತ್ತು. ಕ್ಲಚ್ ತುಳಿದೆ. ನಿಂತಿತು. ಬಿಟ್ಟೆ. ಮತ್ತೆ ಬಂತು. ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು, ಇದೇನು ಇವಳು ಇಳಿಯದೆ ಕೂತಲ್ಲೇ ಕಾಲಾಡಿಸುತ್ತಿದ್ದಾಳೆ ಎಂದು ತಮಿಳಿನಲ್ಲಿ ಒಳಗಿನವರಿಗೆ ಹೇಳಿದಳು.

ಮನೆಗೆ ಬಂದು ಇದನ್ನು ಹೇಳಿದ ದಿನ ನನ್ನ ಗಂಡ ಒಂದು ಲೋಟವನ್ನೂ ಒಂದು ಡಬ್ಬಿಯನ್ನೂ ಮಂಚದ ಮೇಲೆ ಇಟ್ಟು ನನಗೆ ತಿಳಿಸಿ ಹೇಳಿದರು. ಲೋಟ ಎಂಜಿನ್ನು, ಡಬ್ಬಿ ಗೇರ್‌ಬಾಕ್ಸು. ಕ್ಲಚ್ ಅನ್ನುವುದು ಇವೆರಡರ ನಡುವೆ. ಕಾಲು ತೆಗೆದಿದ್ದಾಗ ಎಂಜಿನ್ನು ತಿರುಗಿದ ಹಾಗೆ ಗೇರ್‌ಬಾಕ್ಸಿನ ಒಳಗೆ ಹೋಗುವ ಮೊದಲನೆಯ ಶಾಫ್ಟು ತಿರುಗುತ್ತಲೇ ಇರುತ್ತದೆ, ಕಾರು ನಿಂತಿದ್ದರೂ. ತುಳಿದರೆ ನಂಟು ಬಿಟ್ಟುಹೋಗುತ್ತದೆ, ಶಾಫ್ಟು ನಿಲ್ಲುತ್ತದೆ. ತುಳಿದಾಗ ಸದ್ದು ಶುರುವಾದರೆ ಅದು ಕ್ಲಚ್ ಬೇರಿಂಗು. ತುಳಿದಾಗ ನಿಂತರೆ ಆ ಶಾಫ್ಟನ್ನು ಹಿಡಿದಿರುವ ಬೇರಿಂಗು, ಅದು ಇರುವುದು ಗೇರ್‌ಬಾಕ್ಸಿನ ಒಳಗೆ.

"ಅಂಗಾದ್ರೆ ನನ್ನ ಕಾಲಿಂದ ಬಂದಿದ್ದಲ್ಲ," ಅಂದೆ.

ಅವರು ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟು, "ನಾನು ಒಂದ್ಸಲ ಕೇಳ್ಬೇಕು," ಅಂದರು.

ಕಟ್ಟು ಬಿಚ್ಚಲು ಇನ್ನೂ ದಿನವಿತ್ತು. ಅಷ್ಟರಲ್ಲಿ ನಾನು ಬೂಸಾ, ಹಿಂಡಿ ತರಲು ಬಂಗಾರಪೇಟೆಗೆ ಹೋಗಬೇಕಾಯಿತು. ಮೂಟೆಗಳನ್ನು ಹಾಕಿಸಿಕೊಂಡು ಬರುವಾಗ ಕಾರು ಎಳೆಯಲಾರದೆ ಎಳೆಯುತ್ತಿರುವ ಹಾಗೆ ಅನ್ನಿಸಿತು. ಎರಡನೆಯ ಗೇರಿನಲ್ಲಿ ಸದ್ದು ಸೀಟಿನೊಳಗಿಂದ ಬೆನ್ನಿಗೇ ತಾಗುತ್ತಿತ್ತು. ಭಯವಾಗಿ ದಾರಿಯಲ್ಲಿ ಕಂಡ ಒಂದು ಗ್ಯಾರೇಜಿಗೆ ತಿರುಗಿಸಿದೆ. ಅಲ್ಲಿದ್ದವರು ಬಾನೆಟ್ ಎತ್ತಿ, ಒಂದು ಗಳಿಗೆ ಕೇಳಿ, ಯಾರು ಓಡಿಸುವುದು ಅಂದರು. ನಾನೇ ಅಂದೆ. ಹಾಗಾದರೆ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಬೇಕು, ಹೆಂಗಸರು ಕಾಲು ತೆಗೆಯುವುದೇ ಇಲ್ಲ, ಗಾಡಿ ಬಿಟ್ಟು ಹೋಗಿ ಅಂದರು. ತುಳಿದರೆ ಸದ್ದು ನಿಲ್ಲುತ್ತದೆ ಅಂದೆ. ಬೇಕಾದರೆ ನೋಡಿ ಎಂದು ತುಳಿದು ತೋರಿಸಿದೆ. ಎಲ್ಲಾ ಒಂದೇ ಅಮ್ಮಾ, ಇಳಿಸಿದ ಮೇಲೆ ಗೊತ್ತಾಗುತ್ತದೆ ಅಂದರು. ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಅವತ್ತು, ಮೂಟೆಗಳು ತುಂಬಿದ ಕಾರನ್ನು ಬಿಟ್ಟು ನಾನು ಬಸ್ಸಿನಲ್ಲಿ ಹೇಗೆ ಹೋಗಲಿ? ನಿಧಾನಕ್ಕೆ, ಗೇರು ಹೆಚ್ಚು ಬದಲಾಯಿಸದೆ, ಎತ್ತಿನ ಗಾಡಿಯ ಹಿಂದೆ ಹೋದ ಹಾಗೆ ಮನೆಗೆ ಬಂದೆ.

ಕಟ್ಟು ಬಿಚ್ಚಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆಯೇ ನನ್ನ ಗಂಡ ಕೋಲೂರಿಕೊಂಡು ಅಂಗಳಕ್ಕೆ ಇಳಿದರು. ಕಾಲು ಸಣ್ಣಗಾಗಿತ್ತು, ಚರ್ಮ ಸುಲಿದುಕೊಂಡು ಬಿಳಿಚಿತ್ತು. ಇವತ್ತು ನಾನೇ ಓಡಿಸುತ್ತೇನೆ, ಸ್ಟೇರಿಂಗ್ ಹಿಡಿದರೆ ತಾನಾಗಿ ಗೊತ್ತಾಗುತ್ತದೆ ಅಂದರು. ಡಾಕ್ಟರು ಏನು ಹೇಳಿದ್ದರು ಎಂದು ನಾನು ನೆನಪಿಸಿದೆ. ಡಾಕ್ಟರು ಟೆಂಪೋ ಓಡಿಸಿದ್ದಾರಾ ಅಂದರು. ನಾನು ಬೀಗದ ಕೈ ಕೊಟ್ಟೆ.

ಸೀಟು ಹಿಂದಕ್ಕೆ ಸರಿಸಿ ಕೂತರು. ಕನ್ನಡಿ ಸರಿಮಾಡಿಕೊಂಡರು. ಎಂಜಿನ್ ಶುರುವಾಯಿತು, ಗರಗರವೂ ಬಂತು. ಅವರು ತಲೆಯಾಡಿಸಿ ಕ್ಲಚ್ ತುಳಿಯಲು ಹೋದರು. ಹರಡು ಬಗ್ಗಲಿಲ್ಲ. ತೊಡೆಯಿಂದ ಇಡೀ ಕಾಲನ್ನು ಎತ್ತಿ ಒನಕೆ ಹಾಕಿದ ಹಾಗೆ ಒತ್ತಿದರು. ಕ್ಲಚ್ಚೇನೋ ಒಳಗೆ ಹೋಯಿತು. ಒಂದನೇ ಗೇರು ಹಾಕಿದರು. ಬಿಡುವಾಗ ಕಾಲು ಒಮ್ಮೆಗೇ ಮೇಲೆ ಬಂದುಬಿಟ್ಟಿತು. ಕಾರು ಕುಪ್ಪಳಿಸಿ ನಿಂತುಹೋಯಿತು. ಹಿಂದೆ ತುಂಬಿದ ಕ್ಯಾನುಗಳು ಒಂದಕ್ಕೊಂದು ಗುದ್ದಿದವು. ಮತ್ತೆ ಶುರುಮಾಡಿದರು. ಮತ್ತೆ ಹಾಗೇ ಆಯಿತು. ಕೊಟ್ಟಿಗೆಯಲ್ಲಿ ಹಸುಗಳು ತಲೆಯೆತ್ತಿ ನೋಡಿದವು. ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದವರು, ಮಗ ತಿರುಗಿ ನೋಡುತ್ತಾನೆಂದೋ ಏನೋ, ಮತ್ತೆ ತಿಕ್ಕತೊಡಗಿದರು.

ಇನ್ನೊಂದು ಸಲವೂ ಕಾರು ನಿಂತುಹೋದ ಮೇಲೆ ಅವರು ಬೀಗದ ಕೈ ತಿರುಗಿಸಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಹಣೆಯ ಮೇಲೆ ಬೆವರು ಇತ್ತು. ಆಮೇಲೆ ಬಾಗಿಲು ತೆಗೆದು, ಕೋಲು ಹಿಡಿದು, ಕಾರಿನ ಮುಂದಿನಿಂದ ಸುತ್ತಿಕೊಂಡು ಎಡಗಡೆಗೆ ಬಂದರು. ನಾನು ಅತ್ತೆಗೆ ಮನೆಯಲ್ಲೇ ಇರಿ ಎಂದು ಹೇಳಿ ಓಡಿಸಲು ಕೂತೆ. ಸೀಟನ್ನು ಮತ್ತೆ ಮುಂದಕ್ಕೆ ಎಳೆದುಕೊಳ್ಳಬೇಕಾಯಿತು. ಅದರ ಕಿರ್ರ್ ಅನ್ನುವ ಶಬ್ದ ಅವತ್ತು ಕೇಳಬಾರದಿತ್ತು ಅನ್ನಿಸಿತು.

ಆಂಡರ್ಸನ್‌ಪೇಟೆಯ ಕಡೆ ತಿರುಗಬೇಕಾದವಳಿಗೆ ಅವರು ಕೆರೆಯ ಕಡೆಗೆ ಹೋಗು ಅಂದರು. ಅಲ್ಲಿ ರಸ್ತೆ ಖಾಲಿ ಇರುತ್ತದೆ, ಸದ್ದು ಚೆನ್ನಾಗಿ ಕೇಳಿಸುತ್ತದೆ. ಬೇತಮಂಗಲದ ಕೆರೆ ಆ ವರ್ಷ ತುಂಬಿತ್ತು. ಏರಿಯ ಹತ್ತಿರ ಪಕ್ಕಕ್ಕೆ ನಿಲ್ಲಿಸಲು ಹೇಳಿದರು. ಕಿಟಕಿ ಏರಿಸು ಅಂದರು, ಏರಿಸಿದೆ. ಗೇರಿನ ಕೋಲಿನ ತುದಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ತುಳಿ ಅಂದರು. ತುಳಿದೆ. ಬಿಡು ಅಂದರು. ಬಿಟ್ಟೆ. ಇನ್ನೊಂದು ಸಲ, ನಿಧಾನಕ್ಕೆ. ಸದ್ದು ನಿಲ್ಲುವುದಷ್ಟೇ ಅಲ್ಲ, ನಿಲ್ಲುವಾಗ ಹೇಗೆ ನಿಲ್ಲುತ್ತದೆ ಎಂದು ಕೇಳುತ್ತಿದ್ದರು. ನಾನೂ ಕೇಳಿದೆ. ಬೀಸುವ ಕಲ್ಲಿನಿಂದ ಕೈ ತೆಗೆದ ಮೇಲೆ ಅದು ಇನ್ನೊಂದು ಸುತ್ತು ತಿರುಗಿ ನಿಂತ ಹಾಗಿತ್ತು.

ಕಣ್ಣು ತೆರೆದವರು ನೀರಿನ ಕಡೆ ನೋಡುತ್ತಿದ್ದರು.

"ಕಾಲು ಬರಲ್ಲ ಕಣೇ," ಅಂದರು.

ಈಗಷ್ಟೇ ಕಟ್ಟು ಬಿಚ್ಚಿದ್ದಾರೆ, ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆ ಅಂತ ನಾನು ಹೇಳಿದೆ.

"ಇಲ್ಲ. ತುಳಿಯಕ್ಕಾಗ್ತದೆ. ಬಿಡಕ್ಕಾಗಲ್ಲ. ಬಿಡೋದೇ ಅಲ್ವಾ ಡ್ರೈವಿಂಗು."

ಸಮಾಧಾನದ ಮಾತು ಹೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಎಂಜಿನ್ ಓಡುತ್ತಲೇ ಇತ್ತು, ಗರಗರ ಅನ್ನುತ್ತಲೇ ಇತ್ತು. ಕೊನೆಗೆ ಅವರೇ, "ಓಗು. ಮೂರನೇ ಗೇರಲ್ಲಿ ಓಗಿ ಎಕ್ಸ್‌ಲೇಟರ್ ಬಿಡು, ನೋಡಾಣ," ಅಂದರು.

ಹೋದೆ, ಬಿಟ್ಟೆ. ಉಳಿದ ಗೇರುಗಳಲ್ಲೂ ಹಾಗೇ ಮಾಡಿಸಿದರು. ಎಲ್ಲ ಗೇರುಗಳಲ್ಲೂ ಸದ್ದು ಒಂದೇ ತರಹ ಇತ್ತು, ನಾಲ್ಕರಲ್ಲಿ ಸ್ವಲ್ಪ ಕಡಿಮೆ ಅನ್ನಿಸುತ್ತಿತ್ತು. ಯಾವುದಾದರೂ ಒಂದೇ ಗೇರಿನಲ್ಲಿ ಬಂದಿದ್ದರೆ ಆ ಗೇರಿನ ಹಲ್ಲು ಹೋಗಿದೆ ಎಂದು ಅರ್ಥವಂತೆ. ಹಲ್ಲು ಚೆನ್ನಾಗಿದೆ, ಬೇರಿಂಗೇ ಅಂದರು. ಅವತ್ತು ಹಾಲು ತಡವಾಗಿ ಹೋಯಿತು. ನಾವು ಹಾಲು ಹಾಕುವ ಹೋಟೆಲಿನವರು ಬೈದರು. ನನ್ನ ಗಂಡ ಕಾರಿನಿಂದ ಇಳಿಯದೆ ಕೂತಲ್ಲಿಂದಲೇ ನಮಸ್ಕಾರ ಹಾಕಿದ ಮೇಲೆ, ಎಷ್ಟೋ ದಿನದ ಮೇಲೆ ನೋಡಿದ್ದಕ್ಕೆ ಸುಮ್ಮನಾದರು.

ಕೊನೆಗೆ ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ಕಿನ ಹತ್ತಿರ ಹೋದೆವು. ಟೆಂಪೋ ಕಾಲದಿಂದಲೂ ಗೊತ್ತಿರುವವರು, ತಮಿಳು ಮನೆಮಾತು. ನನ್ನ ಗಂಡನ ಜೊತೆ ಅರ್ಧ ತಮಿಳು ಅರ್ಧ ಕನ್ನಡ, ನನ್ನ ಜೊತೆ ಪೂರ್ತಿ ಕನ್ನಡ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ನನ್ನಿಂದ ಒಂದೆರಡು ಸಲ ಕ್ಲಚ್ ತುಳಿಸಿದರು. ಆಮೇಲೆ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದರು. ಆಯಿಲ್ ಹಾಕುವ ತೂತಿನ ಬೋಲ್ಟು ಬಿಚ್ಚಿ ಬೆರಳು ತೂರಿಸಿದರು. ಒಣ ಬೆರಳನ್ನು ಮೇಲೆತ್ತಿ ತೋರಿಸಿದರು.

"ಆಯಿಲೇ ಇಲ್ಲಕ್ಕಾ ಒಳಗೆ. ಎಂಗೆ ಓಡ್ತು ಇಷ್ಟು ದಿನ?"

ಕೆಳಗಿನ ಬೋಲ್ಟು ಬಿಚ್ಚಿದಾಗ ತಟ್ಟೆಗೆ ಇಷ್ಟೇ ಇಷ್ಟು ಬಿತ್ತು. ಕಾಡಿಗೆಯಂಥ ಕಪ್ಪು, ಅದರೊಳಗೆ ಬೆಳಕಿಗೆ ಹಿಡಿದರೆ ಮಿನುಗುವ ಸಣ್ಣ ಪುಡಿ. ಬೇರಿಂಗು ಸವೆದು ಉದುರಿದ ಪುಡಿ ಅದು ಅಂದರು. ಚಕ್ರದ ಕಡೆಗೆ ಹೋಗುವ ಆಕ್ಸಲಿನ ಹತ್ತಿರ ಆಯಿಲ್ ಸೀಲು ಹರಿದು, ಹನಿಹನಿಯಾಗಿ ಸೋರಿಹೋಗಿತ್ತು. ಅಲ್ಲೆಲ್ಲ ಧೂಳು ಕೂತು ಮಡ್ಡಿ ಕಟ್ಟಿತ್ತು. ಒಂದು ವಾರದ್ದಲ್ಲ ಇದು, ಬಹಳ ದಿನದ್ದು ಅಂತ ಅವರು ಹೇಳಿದಾಗ ನನ್ನ ಗಂಡ ಕೋಲಿನ ಮೇಲೆ ಭಾರ ಹಾಕಿ ಬಗ್ಗಿ ನೋಡುತ್ತಿದ್ದರು. ದನಿ ತಗ್ಗಿಸಿ ಮೆಕ್ಯಾನಿಕ್ಕಿಗೆ ತಮಿಳಿನಲ್ಲಿ ಹೇಳಿದರು. ಏಣಿಯಿಂದ ಬೀಳುವುದಕ್ಕೆ ಮುಂಚಿನಿಂದಲೇ ಅಂಗಳದಲ್ಲಿ ಕಾರಿನ ಕೆಳಗೆ ಹನಿ ಬೀಳುತ್ತಿತ್ತು, ನೋಡಿದೆ, ಮೇಲೆ ಮಣ್ಣು ಹಾಕಿದೆ, ಇವತ್ತು ನಾಳೆ ಅಂತ ಬಿಟ್ಟೆ ಎಂದು. "ನಾಂದಾ ವಿಟ್ಟುಟ್ಟೇನ್," ಅಂದರು, ನಾನೇ ಬಿಟ್ಟುಬಿಟ್ಟೆ ಎಂದು. ಮೆಕ್ಯಾನಿಕ್ಕು ನನ್ನ ಕಡೆ ಒಂದು ಸಲ ನೋಡಿ ಮತ್ತೆ ಗುಂಡಿಗೆ ಇಳಿದರು. ನಾನು ಪಕ್ಕದ ಗೋಡೆಯ ಮೇಲಿದ್ದ ಟೈರ್ ಕಂಪನಿಯ ಕ್ಯಾಲೆಂಡರು ನೋಡುತ್ತಾ ನಿಂತೆ.

ಗೇರ್‌ಬಾಕ್ಸ್ ಇಳಿಸಲು ಕಾರು ಅಲ್ಲೇ ಬಿಡಬೇಕಾಯಿತು. ಮತ್ತೆ ಆ ಪಕ್ಕದೂರಿನವರ ಆಟೋ. ಕೆಲಸ ಮುಗಿಯುವ ಹೊತ್ತಿಗೆ ಇಬ್ಬರೂ ಹೋದೆವು. ಹಳೆಯ ಬೇರಿಂಗನ್ನು ಒಂದು ಬಟ್ಟೆಯ ಮೇಲೆ ಇಟ್ಟಿದ್ದರು. ನನ್ನ ಗಂಡ ಅದನ್ನು ಬೆರಳಿಗೆ ತೂರಿಸಿ ತಿರುಗಿಸಿದರು. ನನಗೂ ಕೊಟ್ಟರು. ಇಷ್ಟು ದಿನ ಕಾಲಡಿಯಲ್ಲಿ ಕೇಳುತ್ತಿದ್ದ ಸದ್ದು ಬೆರಳಿನಲ್ಲಿ ತಿರುಗಿತು. ಒಳಗಿನ ದಾರಿಯಲ್ಲಿ ಸಿಡುಬಿನ ಕಲೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಅದರ ಪಕ್ಕದಲ್ಲೇ ಕ್ಲಚ್ ಪ್ಲೇಟೂ ಇತ್ತು. ಅದನ್ನು ಎತ್ತಿ ಮೆಕ್ಯಾನಿಕ್ಕು, ಇದಕ್ಕೂ ಹೊಸದು ಹಾಕಿಬಿಟ್ಟೆ, ಮತ್ತೆ ಮತ್ತೆ ಇಳಿಸುವುದು ಬೇಡವೆಂದು ಅಂದರು. ಪ್ಲೇಟು ಹೊಳೆಯುವ ತನಕ ಸವೆದಿತ್ತು.

"ಕಾಲೂ ಇಡ್ತೀರ ಅಕ್ಕಾ ನೀವು, ಸ್ವಲ್ಪ," ಅಂದರು, ಬೇಸರ ಮಾಡಿಕೊಳ್ಳಬೇಡಿ ಎಂಬಂತೆ.

ನನ್ನ ಗಂಡ ನಕ್ಕರು. ಜೋರಾಗಿಯೇ ನಕ್ಕರು, ಕೋಲು ಕೈಯಿಂದ ಜಾರುವ ಹಾಗೆ. ನನಗೂ ನಗು ತಡೆಯಲಾಗಲಿಲ್ಲ. ಹಾಗಾದರೆ ಬಂಗಾರಪೇಟೆ ದಾರಿಯ ಗ್ಯಾರೇಜಿನವರು ಹೇಳಿದ್ದರಲ್ಲೂ ಕಾಲುಭಾಗ ಸರಿ.

ಕಾರಿನಲ್ಲಿ ಹಿಂದಿರುಗುವಾಗ ಅವರು ಕಿವಿಗೊಟ್ಟು ಕೂತಿದ್ದರು. ಗರಗರ ಇರಲಿಲ್ಲ. ಅದು ಹೋದ ಮೇಲೆ ಅದರ ಕೆಳಗೆ ಮುಚ್ಚಿಹೋಗಿದ್ದ ಬೇರೆಲ್ಲ ಸದ್ದುಗಳು ಕೇಳಿಸತೊಡಗಿದವು. ಡ್ಯಾಶ್‌ಬೋರ್ಡಿನ ಒಂದು ಸ್ಕ್ರೂ, ಹಿಂದಿನ ಬಾಗಿಲ ರಬ್ಬರು, ಕಿಟಕಿಯ ಗಾಜು. ಒಂದೊಂದನ್ನೂ ಅವರು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಊರು ಹತ್ತಿರ ಬಂದಾಗ ನಾನು, ಮಣ್ಣು ಹಾಕಿ ಮುಚ್ಚಿದ್ದು ನೀವಾ ಅಂತ ಕೇಳಿದೆ.

ಅವರು ನನ್ನ ಕಡೆ ತಿರುಗಿದರು. "ನಿಂಗೆ ಯಾವಾಗ ಬಂತು ತಮಿಳು?"

"ನಂದಿದುರ್ಗದ ಲೈನಲ್ಲಿ ಇಷ್ಟು ವರ್ಷ ಬಾಗಿಲು ಬಾಗಿಲಿಗೂ ನಿಂತು ಹಾಲು ಅಳೆದಿದ್ದು ಯಾರು?"

ಅವರು ಮತ್ತೆ ಆ ಸ್ಕ್ರೂ ಒತ್ತತೊಡಗಿದರು. ನಾನು ಅವರ ಹತ್ತಿರ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಮನೆಗೆ ಹೋದ ಮೇಲೆ ಅತ್ತೆಗೆ ಹೇಳಿದೆ. ಅವರು ಮಗನಿಗೆ ಅನ್ನ ಬಡಿಸುತ್ತಾ, ಪಾಪ ಆ ಹೆಣ್ಣಿನ ಮೇಲೆ ಎಷ್ಟು ದಿನ ತಪ್ಪು ಹಾಕಿದೆಯಲ್ಲೋ ಎಂದು ತೆಲುಗಿನಲ್ಲಿ ಬೈದರು. ಅದು ನಮ್ಮ ಮೂವರಿಗೂ ಬರುವ ಭಾಷೆ.

ಹರಡಿಗೆ ದಿನಾ ಬಿಸಿನೀರು, ಎಣ್ಣೆ, ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ಎಲ್ಲ ಮಾಡಿದರು. ಕೋಲು ಬಿಟ್ಟು ನಡೆಯುವಷ್ಟಾಯಿತು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯಲಾಗುವುದಿಲ್ಲ, ಒಂದು ಸಣ್ಣ ಸ್ಟೂಲು ಮಾಡಿಸಿಕೊಂಡರು. ಕ್ಲಚ್ಚಿನ ಕಾಲು ಮಾತ್ರ ಬರಲಿಲ್ಲ. ನಡುವೆ ಒಂದೆರಡು ಸಲ, ನಾನು ಒಳಗಿದ್ದಾಗ, ಅಂಗಳದಲ್ಲಿ ಎಂಜಿನ್ ಶುರುವಾಗಿ ಕೂಡಲೇ ನಿಂತದ್ದು ಕೇಳಿಸಿತು. ನಾನು ಹೊರಗೆ ಹೋಗಲಿಲ್ಲ. ಕ್ಲಚ್ಚಿಲ್ಲದ ಕಾರು ಬರುತ್ತದಲ್ಲ, ಈ ಹಳೆಯದನ್ನು ಕೊಟ್ಟು ಅಂಥದ್ದು ತೆಗೆದುಕೊಳ್ಳಿ ಎಂದು ನೆಂಟರೊಬ್ಬರು ಹೇಳಿದರು. ಅವರು ಬೇಡವೆಂದರು. ಕಾರಣ ಹೇಳಲಿಲ್ಲ. ಓಡಿಸೋರು ಇದ್ದಾರಲ್ಲ ಅಂದರು ಅಷ್ಟೇ.

ಹಾಗೆ ಕೆಲಸಗಳು ಅದಲುಬದಲಾದವು. ಬೆಳಿಗ್ಗೆ ಹಾಲು ಕರೆಯುವುದು, ಮೊಸರಿಗೆ ಹೆಪ್ಪು ಹಾಕುವುದು, ಸಂಜೆ ಕ್ಯಾನು ತೊಳೆಯುವುದು ಅವರದು. ಕಾರು, ಮನೆಗಳು, ಹೋಟೆಲುಗಳು, ಬಂಗಾರಪೇಟೆಯ ಬೂಸಾ ನನ್ನದು. ಅತ್ತೆಗೆ ಈಗ ಮೊಣಕಾಲು ನೋವು, ಬರುವುದಿಲ್ಲ. ಭಾನುವಾರ ಮಾತ್ರ ನನ್ನ ಗಂಡ ಎಡಗಡೆ ಸೀಟಿನಲ್ಲಿ ಬರುತ್ತಾರೆ. ಹಾದಿಯುದ್ದಕ್ಕೂ ಗೇರು ಹೇಳಿಕೊಡುವುದನ್ನು ಬಿಟ್ಟಿದ್ದಾರೆ. ಅದು ಬಿಡಲು ಒಂದು ವರ್ಷವೇ ಹಿಡಿಯಿತು.

ಹೋದ ಬೇಸಿಗೆಯಲ್ಲಿ ಮುಂದಿನ ಚಕ್ರದ ಕಡೆಯಿಂದ ಕಟಕಟ ಎಂದು ಇನ್ನೊಂದು ಸದ್ದು ಬಂತು, ತಿರುಗಿಸುವಾಗ ಮಾತ್ರ. ನಾನು ಅದನ್ನು ಬಲಗಡೆಯದು ಎಂದು ತೀರ್ಮಾನಿಸಿ, ಭಾನುವಾರ ಅವರ ಮುಂದೆ ಬಾಯಿಬಿಟ್ಟು ಹೇಳಿದೆ. ಅವರು ರಾಬರ್ಟ್‌ಸನ್‌ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ತಿರುವಿನಲ್ಲಿ ಎರಡು ಸಲ ಸುತ್ತು ಹಾಕಿಸಿ, ಎಡಗಡೆಯದು ಅಂದರು. ಆಂಡರ್ಸನ್‌ಪೇಟೆಗೆ ಹೋಗಿ ಬಿಚ್ಚಿಸಿದೆವು. ಎಡಗಡೆಯದೇ.